ಹೊಗೆಯ ಮಿತಿಯ ಕರಡು ಅಧಿಸೂಚನೆಗೆ ನಾನು ಆಕ್ಷೇಪಣೆ ಬರೆದ ಬಗೆ

ಕಾರ್ಖಾನೆಗಳ ಚಿಮಣಿ ಏರಿ ಹೊಗೆಯ ಮಾದರಿ ತೆಗೆಯುವುದು ನನ್ನ ವೃತ್ತಿ. ಹೊರಸೂಸುವಿಕೆಗೆ ಹೊಸ ಮಿತಿ ವಿಧಿಸುವ ಕರಡು ಅಧಿಸೂಚನೆ ಕೇಂದ್ರ ಸರ್ಕಾರದ ರಾಜಪತ್ರದಲ್ಲಿ ಬಂದಾಗಲೆಲ್ಲ, ಅದಕ್ಕೆ ಉತ್ತರ ಬರೆಯುವುದು ವಕೀಲರ, ಹೋರಾಟಗಾರರ, ಉದ್ಯಮ ಸಂಘಗಳ ಕೆಲಸ ಎಂದು ನಾನು ಬಹಳ ವರ್ಷ ಸುಮ್ಮನಿದ್ದೆ. ಒಮ್ಮೆ ಅಂಥ ಒಂದು ಕರಡಿನ ಮೊದಲ ಪುಟವನ್ನು ನಿಧಾನವಾಗಿ ಓದಿದೆ. ಆಸಕ್ತಿಯುಳ್ಳ ಯಾರೇ ಆದರೂ ಅರವತ್ತು ದಿನಗಳೊಳಗೆ ಲಿಖಿತವಾಗಿ ಆಕ್ಷೇಪಣೆ ಅಥವಾ ಸಲಹೆ ಸಲ್ಲಿಸಬಹುದು ಎಂದು ಅಲ್ಲಿ ಸ್ಪಷ್ಟವಾಗಿತ್ತು. ಆ ಸಂಜೆಯೇ ನನ್ನ ಹಳೆಯ ಮಾಪನದ ಟಿಪ್ಪಣಿ ಪುಸ್ತಕಗಳನ್ನು ಹೊರತೆಗೆದೆ.

ಕರಡಿನ ಬಗ್ಗೆ ನಡೆಯುವ ಚರ್ಚೆಯೆಲ್ಲ ಸಾಮಾನ್ಯವಾಗಿ ಅಂಕಿಯ ಸುತ್ತಲೇ ಇರುತ್ತದೆ: ಘನ ಮೀಟರ್ ಹೊಗೆಯಲ್ಲಿ ದೂಳಿನ ಮಿತಿ 150 ಮಿಲಿಗ್ರಾಂ ಇರಬೇಕೋ, 100 ಇರಬೇಕೋ, 50 ಇರಬೇಕೋ ಎಂದು. ಆದರೆ ಆ ಅಂಕಿಯನ್ನು ಯಾವ ಸ್ಥಿತಿಯಲ್ಲಿ ಅಳೆಯಬೇಕು ಎಂಬುದನ್ನು ಅದೇ ಸಾಲಿನಲ್ಲಿ ಬರೆಯದಿದ್ದರೆ ಅಂಕಿಗೆ ಬೆಲೆಯಿಲ್ಲ ಎಂಬುದು ಚಿಮಣಿಯ ವೇದಿಕೆಯ ಮೇಲೆ ನಿಂತವರಿಗೆ ಗೊತ್ತಿರುತ್ತದೆ. ನನ್ನ ಪತ್ರದ ಮುಖ್ಯ ಭಾಗ ಇದೊಂದೇ ಆಗಿತ್ತು, ಅದಕ್ಕೆ ಆಧಾರ ನಾನೇ ಮಾಡಿದ ಒಂದು ಮಾಪನ.

ಅದು ಕಲ್ಲಿದ್ದಲು ಉರಿಸುವ ಬಾಯ್ಲರ್. ಚಿಮಣಿಯ ರಂಧ್ರದಲ್ಲಿ ಅನಿಲದ ವೇಗ ಅಳೆಯುವ ಪಿಟಾಟ್ ನಳಿಕೆ ಇಳಿಸಿ, ಆ ವೇಗಕ್ಕೆ ಮಾದರಿ ಹೀರುವ ವೇಗವನ್ನು ಸರಿಹೊಂದಿಸಿ, ಥಿಂಬಲ್ ಎಂಬ ಸೋಸುಚೀಲದಲ್ಲಿ ದೂಳು ಹಿಡಿದು ತೂಗಿದಾಗ 140 ಡಿಗ್ರಿ ಸೆಲ್ಸಿಯಸ್ ಬಿಸಿಯ ಅನಿಲದಲ್ಲಿ ಘನ ಮೀಟರಿಗೆ 72 ಮಿಲಿಗ್ರಾಂ ಬಂತು. 25 ಡಿಗ್ರಿಗೆ ಪರಿವರ್ತಿಸಿದರೆ ಅದು ಸುಮಾರು 100. ಮಿತಿ 150 ಆಗಿದ್ದಲ್ಲಿ ವರದಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚಿಮಣಿಯಲ್ಲಿ ಆಮ್ಲಜನಕ ಶೇಕಡಾ 12 ಇತ್ತು, ಬಾಯ್ಲರ್‌ನ ಹೊರದ್ವಾರದಲ್ಲಿ ಮಾತ್ರ ಶೇಕಡಾ 6. ನಡುವೆ ಎಲ್ಲಿಂದಲೋ ಗಾಳಿ ಸೇರುತ್ತಿದೆ ಎಂದು, ಹೊಗೆ ಸಾಗುವ ಡಕ್ಟ್ ಉದ್ದಕ್ಕೂ ನಡೆದು ನೋಡಿದೆವು. ಹೊಗೆಯನ್ನು ಎಳೆದು ಚಿಮಣಿಗೆ ದೂಡುವ ಐ.ಡಿ. ಫ್ಯಾನಿಗೆ ಮೊದಲೇ ಇರುವ ಬೆಲ್ಲೋಸ್‌ನ, ಅಂದರೆ ಡಕ್ಟ್‌ನ ಬಾಗುವ ಜೋಡಣೆಯ, ಬಟ್ಟೆ ಹರಿದು, ಸಣ್ಣಗೆ ಸಿಳ್ಳೆ ಹಾಕುತ್ತಿತ್ತು; ಹತ್ತಿರ ಹಿಡಿದ ಟಿಪ್ಪಣಿಯ ಹಾಳೆಯನ್ನು ಅದು ಎಳೆದು ಅಂಟಿಸಿಕೊಂಡಿತು. ಹೊರಗಿನ ಗಾಳಿ ಸೇರಿ ಹೊಗೆ ತೆಳುವಾಗಿತ್ತೇ ಹೊರತು ದೂಳು ಒಂದು ಗ್ರಾಮಿನಷ್ಟೂ ಕಡಿಮೆಯಾಗಿರಲಿಲ್ಲ. ಶೇಕಡಾ 6 ಆಮ್ಲಜನಕಕ್ಕೆ ತಿದ್ದಬೇಕಾದರೆ, ಹೊರಗಿನ ಗಾಳಿಯಲ್ಲಿರುವ ಆಮ್ಲಜನಕದ ಶೇಕಡಾ 21ರಿಂದ 6 ಕಳೆದು ಬಂದ 15ನ್ನು, 21ರಿಂದ 12 ಕಳೆದು ಬಂದ 9ರಿಂದ ಭಾಗಿಸಿ, ಆ ಭಾಗಲಬ್ಧದಿಂದ 100ನ್ನು ಗುಣಿಸಬೇಕು. ಉತ್ತರ ಸುಮಾರು 167. ಒಂದೇ ಚಿಮಣಿ, ಒಂದೇ ದಿನ, ಒಂದು ಲೆಕ್ಕದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು.

ಈ ಲೆಕ್ಕವನ್ನು ಕಾರ್ಖಾನೆಯ ಹೆಸರಿಲ್ಲದೆ ಪತ್ರದಲ್ಲಿ ಪೂರ್ತಿಯಾಗಿ ಬಿಡಿಸಿ ಬರೆದು, ಪ್ರತಿ ಮಿತಿಯ ಎದುರಿಗೇ ತಾಪಮಾನ, ಒಣ ಅನಿಲ ಮತ್ತು ಆಮ್ಲಜನಕದ ಪ್ರಮಾಣವನ್ನು ನಮೂದಿಸಬೇಕೆಂದು ಕೇಳಿದೆ. ‘ಮಿತಿ ಸಡಿಲವಾಗಿದೆ, ಬಿಗಿಗೊಳಿಸಿ’ ಎಂದಷ್ಟೇ ಬರೆದರೆ ಓದುವ ಅಧಿಕಾರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕರಡಿನ ಷರತ್ತಿನ ಸಂಖ್ಯೆ, ಈಗಿರುವ ವಾಕ್ಯ, ಅದರ ಜಾಗದಲ್ಲಿ ಇರಬೇಕಾದ ವಾಕ್ಯ, ಅದಕ್ಕೆ ಕಾರಣ, ಈ ಕ್ರಮದಲ್ಲಿ ಬರೆದದ್ದು ನನಗೆ ಸರಿ ಎನಿಸಿತು.

ಎರಡನೆಯ ಅಂಶ ಸರಾಸರಿಯ ಅವಧಿ. ಈಗ ಅನೇಕ ಚಿಮಣಿಗಳಲ್ಲಿ ನಿರಂತರ ಮಾಪನ ಯಂತ್ರಗಳಿವೆ. ಕ್ಷಣ ಕ್ಷಣದ ಅಂಕಿ ಬರುತ್ತದೆ. ಮಿತಿಯನ್ನು ಗಂಟೆಯ ಸರಾಸರಿಗೆ ಹೋಲಿಸಬೇಕೋ, ದಿನದ ಸರಾಸರಿಗೋ? ಬಾಯ್ಲರ್ ಎಣ್ಣೆಯಿಂದ ಹೊತ್ತಿಸುವಾಗ ಬೆಂಕಿಯ ಭಯದಿಂದ, ವಿದ್ಯುತ್ತಿನಿಂದ ದೂಳು ಹಿಡಿಯುವ ಇ.ಎಸ್.ಪಿ. ಉಪಕರಣಕ್ಕೆ ವಿದ್ಯುತ್ ಕೊಡದೆ ಇರುವ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ಆ ಗಂಟೆಗಳನ್ನು ಬಿಡಬಾರದು, ಪ್ರತ್ಯೇಕವಾಗಿ ದಾಖಲಿಸಿ ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಗಡುವಿನ ಬಗ್ಗೆ ಬರೆಯುವಾಗ ನನಗೆ ಸಂಕಟವಾಯಿತು, ಈಗಲೂ ಆಗುತ್ತದೆ. ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರಗಳಿಗೆ 2015ರ ಡಿಸೆಂಬರ್ 7ರಂದು ಹೊಸ ಮಿತಿಗಳು ಬಂದಾಗ, ಹಳೆಯ ಘಟಕಗಳಿಗೆ ಕೊಟ್ಟ ಕಾಲಾವಕಾಶ ಎರಡು ವರ್ಷ. ಅವುಗಳಲ್ಲಿ ಗಂಧಕದ ಡೈಆಕ್ಸೈಡ್ ಅನಿಲದ ಮಿತಿಯ ಗಡುವು ಆಮೇಲೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳನ್ನು ಚಿಮಣಿಯ ಎತ್ತರದ ಷರತ್ತಿನೊಂದಿಗೆ ಆ ಮಿತಿಯಿಂದಲೇ ಹೊರಗಿಟ್ಟರು. ಎತ್ತರದ ಚಿಮಣಿ ಅನಿಲವನ್ನು ದೂರಕ್ಕೆ ಒಯ್ಯುತ್ತದೆ, ಕಡಿಮೆ ಮಾಡುವುದಿಲ್ಲ. ದಾರಿಯಲ್ಲಿ ಅದು ಸಲ್ಫೇಟ್ ಕಣಗಳಾಗಿ ಮತ್ತೊಬ್ಬರ ಉಸಿರಿಗೆ ಸೇರುತ್ತದೆ. ಒಂದೇ ಅಂತಿಮ ದಿನಾಂಕ ಬರೆಯುವ ಬದಲು ಟೆಂಡರ್ ಕರೆಯಲು, ಕಾಮಗಾರಿ ಆರಂಭಿಸಲು, ಬಾಯ್ಲರ್ ನಿಲ್ಲಿಸಿ ಹೊಸ ಉಪಕರಣವನ್ನು ಚಿಮಣಿಗೆ ಜೋಡಿಸಲು ಪ್ರತ್ಯೇಕ ದಿನಾಂಕಗಳನ್ನು ಕರಡಿನಲ್ಲೇ ಸೇರಿಸಬೇಕೆಂದು ನಾನು ಕೇಳಿದ್ದು ಇಂಥ ಜಾರುವಿಕೆ ಮೊದಲ ಹಂತದಲ್ಲೇ ಕಣ್ಣಿಗೆ ಬೀಳಲಿ ಎಂದು.

ಪತ್ರ ನಾಲ್ಕು ಪುಟವಾಯಿತು. ಜೊತೆಗೆ ಆ ದಿನದ ಮಾಪನದ ಹಾಳೆಯ ಪ್ರತಿಯನ್ನು ಲಗತ್ತಿಸಿ, ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಅಂಚೆಯಲ್ಲೂ ಇಮೇಲ್‌ನಲ್ಲೂ ಕಳುಹಿಸಿದೆ.