ಅನಿಲದ ಒಲೆಯಿಂದ ವಿದ್ಯುತ್ತಿಗೆ: ನೆರೆಹೊರೆಯವರ ಬಳಗ ಕಟ್ಟುವುದು ಹೇಗೆ?

ನೀರು ಕಾಯಿಸುವ ಯಂತ್ರ ಹೇಳಿ ಕೇಳಿ ಕೆಡುವುದಿಲ್ಲ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ತಣ್ಣೀರು. ಸಂಜೆಯೊಳಗೆ ಬಿಸಿನೀರು ಆಗಲೇಬೇಕು. ಅವಸರದಲ್ಲಿ ಮನೆಗೆ ಬರುವುದು ಹಳೆಯದರಂಥದೇ, ಅನಿಲದಿಂದ ನಡೆಯುವ ಇನ್ನೊಂದು. ಒಮ್ಮೆ ಗೋಡೆಗೇರಿದರೆ ಅದು ಹತ್ತು ಹದಿನೈದು ವರ್ಷ ಅಲ್ಲೇ ಇರುತ್ತದೆ. ಮನೆಗಳನ್ನು ಅನಿಲ ಮತ್ತು ಎಣ್ಣೆಯಿಂದ ಬಿಡಿಸಿ ವಿದ್ಯುತ್ತಿಗೆ ತರಲು ಹೊರಟ ಬಳಗ ಈ ಒಂದು ದಿನವನ್ನು ಗಮನದಲ್ಲಿಟ್ಟುಕೊಂಡೇ ಕೆಲಸ ಆರಂಭಿಸಬೇಕು. ಯಂತ್ರ ಕೆಡುವ ಮೊದಲೇ ಮುಂದಿನದು ಯಾವುದೆಂದು ತೀರ್ಮಾನವಾಗಿರಬೇಕು.

ನಾಲ್ಕೈದು ಜನ ಸಾಕು

ನೋಂದಣಿ, ಪದಾಧಿಕಾರಿಗಳ ಆಯ್ಕೆ ಎಲ್ಲ ಆಮೇಲೆ. ಈಗಾಗಲೇ ವಿದ್ಯುತ್ ಒಲೆಗೆ ಬದಲಾದ ಒಬ್ಬರು ಮತ್ತು ವೈರಿಂಗ್ ಬಲ್ಲ ಒಬ್ಬರು ಇದ್ದರೆ ಆರಂಭಿಸಬಹುದು. ಒಂದು ನಿಯಮವನ್ನು ಮಾತ್ರ ಮೊದಲ ದಿನವೇ ಬರೆದಿಡಿ: ಯಾವ ಮಾರಾಟಗಾರರಿಂದಲೂ ಕಮಿಷನ್ ಪಡೆಯುವುದಿಲ್ಲ. ಜನ ನಿಮ್ಮ ಮಾತು ಕೇಳುವುದು ನೀವು ನೆರೆಯವರೆಂಬ ಕಾರಣಕ್ಕೆ. ಆ ನಂಬಿಕೆ ಹೋದರೆ ಬಳಗಕ್ಕೆ ಬೇರೆ ಬಂಡವಾಳವಿಲ್ಲ.

ಮನೆ ಮನೆಯ ಪಟ್ಟಿ

ಒಪ್ಪಿದ ಮನೆಗಳಿಗೆ ಹೋಗಿ ಬರೆದುಕೊಳ್ಳಿ: ಅಡುಗೆಗೆ ಏನು, ನೀರು ಕಾಯಿಸಲು ಏನು, ಕೋಣೆ ಬೆಚ್ಚಗಿಡಲು ಏನು, ಯಾವುದಕ್ಕೆ ಎಷ್ಟು ವರ್ಷವಾಗಿದೆ. ಹತ್ತು ವರ್ಷ ದಾಟಿದ ಯಂತ್ರಗಳಿಗೆ ಗುರುತು ಹಾಕಿ. ಬಳಗದ ಗಮನ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಅದೇ ಭೇಟಿಯಲ್ಲಿ ಮಂಜೂರಾದ ಲೋಡ್ (ವಿದ್ಯುತ್ ಕಂಪನಿ ಆ ಮನೆಗೆ ಒಪ್ಪಿದ ಗರಿಷ್ಠ ಹೊರೆ) ಎಷ್ಟು, ಅರ್ಥಿಂಗ್ ಇದೆಯೇ ಎಂಬುದನ್ನೂ ವಿಚಾರಿಸಿ. 2000 ವ್ಯಾಟ್‌ನ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪಕ್ಕೆ, ಫ್ಯಾನಿಗೆ ಎಳೆದ ತೆಳು ತಂತಿ ಅದನ್ನು ತಾಳುವುದಿಲ್ಲ. ಬಿಸಿಯಾಗುತ್ತದೆ, ಕೆಲವೊಮ್ಮೆ ಬೆಂಕಿಗೂ ದಾರಿಯಾಗುತ್ತದೆ. ದೊಡ್ಡ ಪ್ಲಗ್ ಪಾಯಿಂಟ್, ಅದಕ್ಕೆ ತಕ್ಕ ದಪ್ಪದ ತಂತಿ, ಹೊರೆ ಮಿತಿ ಮೀರಿದರೆ ತಾನಾಗಿ ಕರೆಂಟ್ ಕಡಿಯುವ ಪ್ರತ್ಯೇಕ ಸ್ವಿಚ್ (ಎಂಸಿಬಿ) ಬೇಕು. ಸ್ವಯಂಸೇವಕರು ನೋಡಿ ಬರೆದುಕೊಳ್ಳಲಿ, ಆದರೆ ಬೋರ್ಡ್ ಬಿಚ್ಚುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ ಕೆಲಸ. ಇದರಲ್ಲಿ ಸಡಿಲಿಕೆ ಬೇಡವೇ ಬೇಡ.

ಒಲೆಯನ್ನು ಎರವಲು ಕೊಡಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದು. ಕರಪತ್ರ ಓದಿ ಒಲೆ ಬದಲಿಸಿದವರು ಕಡಿಮೆ. ತಮ್ಮದೇ ಅಡುಗೆಮನೆಯಲ್ಲಿ ಎರಡು ವಾರ ಬಳಸಿ ನೋಡಿದವರು ಬದಲಿಸುತ್ತಾರೆ. ಬಳಗ ಎರಡು ಮೂರು ಇಂಡಕ್ಷನ್ ಒಲೆಗಳನ್ನು ಕೊಂಡು, ಗ್ರಂಥಾಲಯದ ಪುಸ್ತಕದಂತೆ ಸರದಿಯಲ್ಲಿ ಕೊಡಲಿ. ಜೊತೆಗೊಂದು ಅಯಸ್ಕಾಂತವನ್ನೂ ಕಳುಹಿಸಿ. ಪಾತ್ರೆಯ ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಪಾತ್ರೆ ನಡೆಯುತ್ತದೆ. ಬರೀ ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳು ನಡೆಯುವುದಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಮನೆಯಲ್ಲಿದ್ದರೆ ಮೊದಲು ವೈದ್ಯರನ್ನು ಕೇಳಲು ಹೇಳಿ.

ಒಲೆ ಮರಳಿ ಬಂದಾಗ ಅಭಿಪ್ರಾಯ ಕೇಳಬೇಕಾದದ್ದು ಆ ಮನೆಯಲ್ಲಿ ಅಡುಗೆ ಮಾಡುವವರನ್ನು. ಬಿಲ್ ಕಟ್ಟುವವರು ಖರ್ಚಿನ ಲೆಕ್ಕ ಹೇಳಬಲ್ಲರು, ಒಲೆಯ ಮುಂದೆ ನಿಂತವರ ಅನುಭವವನ್ನಲ್ಲ. ಅನಿಲ ಉರಿಯುವಾಗ ನೈಟ್ರೋಜನ್ ಡೈಆಕ್ಸೈಡ್ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಅದು ಆಸ್ತಮಾ ಇರುವವರಿಗೆ ಕೇಡು. ಅದನ್ನು ದಿನವೂ ಉಸಿರಾಡುವವರೂ ಅಡುಗೆ ಮಾಡುವವರೇ.

ಮನೆ ತೆರೆದು ತೋರಿಸಿ

ಬದಲಾದ ಮನೆಯವರು ಒಂದು ಭಾನುವಾರ ಬಾಗಿಲು ತೆರೆಯಲಿ. ವಿದ್ಯುತ್ತಿನಿಂದ ನೀರು ಕಾಯಿಸುವ ಹೀಟ್ ಪಂಪ್ ಎಂಬ ಯಂತ್ರ ಹೊರಗಿನ ಗಾಳಿಯ ಶಾಖವನ್ನೇ ಹೀರಿ ನೀರಿಗೆ ಕೊಡುವುದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಸಾಮಾನ್ಯವಾಗಿ ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಇದನ್ನು ಬಾಯಲ್ಲಿ ಹೇಳುವ ಬದಲು ಹಳೆಯ ಬಿಲ್, ಹೊಸ ಬಿಲ್ ಎರಡನ್ನೂ ಮೇಜಿನ ಮೇಲಿಡಿ. ತೊಂದರೆಗಳನ್ನೂ ಮುಚ್ಚಿಡಬೇಡಿ: ಹೀಟ್ ಪಂಪ್‌ಗೆ ಜಾಗ ಬೇಕು, ಸ್ವಲ್ಪ ಸದ್ದು ಮಾಡುತ್ತದೆ, ಕರೆಂಟ್ ಹೋದರೆ ಒಲೆ ಉರಿಯುವುದಿಲ್ಲ.

“ಕರೆಂಟ್ ಬರುವುದೂ ಕಲ್ಲಿದ್ದಲಿನಿಂದ ತಾನೆ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬರೀ ಕಾಯಿಲ್ ಇರುವ ಗೀಸರ್‌ಗೆ ಕಲ್ಲಿದ್ದಲಿನ ವಿದ್ಯುತ್ ಕೊಟ್ಟರೆ ವಾತಾವರಣಕ್ಕೆ ಲಾಭವಿಲ್ಲದೆಯೂ ಹೋಗಬಹುದು ಎಂದು ಒಪ್ಪಿಕೊಳ್ಳಿ. ಆದರೆ ಸೌರ, ಪವನ ವಿದ್ಯುತ್ತಿನ ಪಾಲು ಹೆಚ್ಚಿದಂತೆ ಮನೆಯ ಯಂತ್ರ ತಾನಾಗಿ ಶುದ್ಧವಾಗುತ್ತ ಹೋಗುತ್ತದೆ. ಅನಿಲದ ಒಲೆಗೆ ಆ ದಾರಿಯೇ ಇಲ್ಲ.

ಒಟ್ಟಾಗಿ ಕೊಳ್ಳಿ

ಹತ್ತಿಪ್ಪತ್ತು ಮನೆಗಳು ಸೇರಿ ದರ ಕೇಳಿದರೆ ಚೌಕಾಸಿಗೆ ಬಲ ಬರುತ್ತದೆ. ಅಳವಡಿಸುವವರ ಕೆಲಸದ ಗುಣಮಟ್ಟವೂ ಮನೆಯಿಂದ ಮನೆಗೆ ತಿಳಿಯುತ್ತದೆ. ವಿದ್ಯುತ್ ಕಂಪನಿಗೂ ಮೊದಲೇ ತಿಳಿಸಿ, ಎಲ್ಲರೂ ಸಂಜೆ ಒಮ್ಮೆಲೇ ಸ್ವಿಚ್ ಹಾಕಿದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಬೀಳುತ್ತದೆ. ಸೌರ ವಿದ್ಯುತ್ ಹೇರಳವಾಗಿರುವ ಮಧ್ಯಾಹ್ನಕ್ಕೆ ನೀರು ಕಾಯಿಸುವ ಟೈಮರ್ ಇಡಲು ಹೇಳಿಕೊಡಿ. ಆಸ್ಟ್ರೇಲಿಯಾದಲ್ಲಿ ತಮ್ಮ ಪಿನ್‌ಕೋಡನ್ನೇ ಹೆಸರಾಗಿಸಿಕೊಂಡ ‘ಎಲೆಕ್ಟ್ರಿಫೈ 2515’ ಎಂಬ ನಿವಾಸಿಗಳ ಬಳಗ ನೆರೆಹೊರೆಯವರ ಆಸಕ್ತಿ ಕಲೆಹಾಕುತ್ತಲೇ ಬೆಳೆಯಿತು. 500 ಮನೆಗಳ ಪ್ರಾಯೋಗಿಕ ಯೋಜನೆಗೆ ಅಲ್ಲಿ ಸರ್ಕಾರಿ ನೆರವೂ ಸಿಕ್ಕಿತು.

ಬಾಡಿಗೆ ಮನೆಯವರನ್ನು ಬಿಡಬೇಡಿ. ಜೊತೆಗೆ ಒಯ್ಯಬಹುದಾದ ಒಲೆ ಅವರಿಗೂ ಸಾಧ್ಯ. ಉಳಿದದ್ದಕ್ಕೆ ಮನೆ ಮಾಲೀಕರೊಡನೆ ಬಳಗವೇ ಮಾತನಾಡಲಿ.

ಯಂತ್ರದ ಮೇಲೊಂದು ಚೀಟಿ

ಗುರುತು ಹಾಕಿದ ಹಳೆಯ ಯಂತ್ರಗಳ ಮೇಲೆ ಚೀಟಿ ಅಂಟಿಸಿ: ಮುಂದೆ ಕೊಳ್ಳಬೇಕಾದ ಮಾದರಿ, ಅಳತೆ, ಅಳವಡಿಸುವವರ ಮತ್ತು ಬಳಗದವರೊಬ್ಬರ ಫೋನ್ ಸಂಖ್ಯೆ. ಹೊಸದು ಬರುವ ತನಕ ಕೊಡಲು ಒಂದು ಚಿಕ್ಕ ಗೀಸರ್ ಬಳಗದ ಬಳಿ ಇರಲಿ. ನಲ್ಲಿಯಲ್ಲಿ ತಣ್ಣೀರು ಬಂದ ಬೆಳಿಗ್ಗೆ ಆ ಮನೆಯವರು ಮೊದಲು ನೋಡುವುದು ಆ ಚೀಟಿಯನ್ನು. ಫೋನ್ ಎತ್ತಿಕೊಳ್ಳಲು ಯಾರಾದರೂ ಸಿದ್ಧರಿರಿ.