ಬ್ರಿಟನ್‌ನಲ್ಲಿ ನಾಯಿಗೆ ಲಿವರ್ ಕಾಯಿಲೆ: ಶಿರಸಿ, ಕಾರವಾರ ಕಡೆಯವರಿಗೆ

ಶಿರಸಿ, ಕುಮಟಾ, ಕಾರವಾರದಿಂದ ಬಂದು ಇಲ್ಲಿ ನಾಯಿ ಸಾಕಿದವರಿಗೆ ಮೊದಲ ಮಾತು: ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ನಮಗಷ್ಟೇ, ನಾಯಿಗಲ್ಲ. ಊರಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಇಲ್ಲಿ ಹೆಚ್ಚುಕಮ್ಮಿ ಎಲ್ಲ ಖಾಸಗಿ, ಬಿಲ್ ಮೇಲೆ 20% ವ್ಯಾಟ್ ಬೇರೆ. ಬಡವರಿಗೆ ನೆರವಾಗುವ ಪಿಡಿಎಸ್‌ಎಯಂಥ ಸಂಸ್ಥೆಗಳಿವೆ. ಆದರೆ ಅದು ಹೆಚ್ಚಾಗಿ ಸರ್ಕಾರಿ ಭತ್ಯೆ ಪಡೆಯುವವರಿಗೆ. ವೀಸಾ ಮೇಲಿರುವ ನಮ್ಮಂಥವರಿಗೆ ಸಿಗುವುದು ಕಷ್ಟ.

ಹಾಗಾಗಿ ವಿಮೆ. ನಾಯಿ ಚೆನ್ನಾಗಿದ್ದಾಗಲೇ ಮಾಡಿಸಬೇಕು. ಒಮ್ಮೆ ರಕ್ತ ಪರೀಕ್ಷೆಯಲ್ಲಿ ಎಎಲ್‌ಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) ಜಾಸ್ತಿ ಅಂತ ದಾಖಲಾಯಿತೋ, ಹೊಸ ಕಂಪನಿಗೆ ಅದು ಹಳೇ ಕಾಯಿಲೆ. ಸಾಮಾನ್ಯವಾಗಿ ನಯಾಪೈಸೆ ಕೊಡುವುದಿಲ್ಲ. ಪಾಲಿಸಿ ಶುರುವಾದ ಮೇಲೂ ಸಾಮಾನ್ಯವಾಗಿ ಮೊದಲ 14 ದಿನದಲ್ಲಿ ಬಂದ ಕಾಯಿಲೆಗೆ ಹಣ ಸಿಗದು. ಅಗ್ಗದ ಪಾಲಿಸಿಗಳು ಒಂದು ಕಾಯಿಲೆಗೆ 12 ತಿಂಗಳು ಕೊಟ್ಟು ಕೈ ತೊಳೆದುಕೊಳ್ಳುತ್ತವೆ. ಲಿವರ್ ಕಾಯಿಲೆ ಎಷ್ಟೋ ಸಲ ವರ್ಷಗಟ್ಟಲೆ ಎಳೆಯುತ್ತದೆ. ಅದಕ್ಕೆ ಅದೇ ಕಾಯಿಲೆಗೆ ವರ್ಷವರ್ಷವೂ ಹಣ ಕೊಡುವ ‘ಲೈಫ್‌ಟೈಮ್’ ಪಾಲಿಸಿಯೇ ಸರಿ. ಅದನ್ನು ಪ್ರತಿ ವರ್ಷ ತಪ್ಪದೆ ನವೀಕರಿಸಿ, ನಡುವೆ ಕಂಪನಿ ಬದಲಿಸಬೇಡಿ. ವಯಸ್ಸಾದ ನಾಯಿಯ ಬಿಲ್ಲಿನಲ್ಲಿ ನಿಮ್ಮದೂ ಒಂದು ಪಾಲು ಇರಬಹುದು, ಸಣ್ಣಕ್ಷರ ಓದಿ.

ಊಟ ಬಿಡುವುದು, ವಾಂತಿ, ಜಾಸ್ತಿ ನೀರು ಕುಡಿಯುವುದು, ಒಸಡು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು. ಇವು ಕಂಡರೆ ಡಾಕ್ಟರ್ ಮೊದಲು ರಕ್ತ ತೆಗೆಯುತ್ತಾರೆ. ಆಮೇಲೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಸುಮಾರು ಎರಡು ತಾಸಿಗೆ ಇನ್ನೊಮ್ಮೆ ಬೈಲ್ ಆಸಿಡ್ ಪರೀಕ್ಷೆ, ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಲು. ಮುಂದೆ ಸ್ಕ್ಯಾನ್, ಬೇಕಾದರೆ ಬಯಾಪ್ಸಿ (ಲಿವರ್‌ನ ಚೂರು ತೆಗೆದು ನೋಡುವುದು). ಒಂದೊಂದಕ್ಕೂ ಬೇರೆ ಬಿಲ್. ಅಂದಾಜು ಖರ್ಚು ಬರೆದುಕೊಡಿ ಅಂತ ಮೊದಲೇ ಕೇಳಿ. ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ. ‘ಈ ಪರೀಕ್ಷೆಯಿಂದ ಚಿಕಿತ್ಸೆ ಏನು ಬದಲಾಗುತ್ತದೆ?’ ಅಂತಲೂ ಕೇಳಿ. ನನ್ನ ಪ್ರಕಾರ ಅದೇ ಮುಖ್ಯ ಪ್ರಶ್ನೆ.

ಔಷಧಿಯನ್ನು ಕ್ಲಿನಿಕ್ಕಿನಲ್ಲೇ ಕೊಳ್ಳಬೇಕೆಂದಿಲ್ಲ. ಚೀಟಿ ಬರೆಸಿಕೊಂಡು ಆನ್‌ಲೈನ್ ಔಷಧಿ ಅಂಗಡಿಯಲ್ಲಿ ತರಿಸಬಹುದು. ಚೀಟಿಗೂ ಶುಲ್ಕ ಇರುತ್ತದೆ, ಆದರೂ ತಿಂಗಳಾನುಗಟ್ಟಲೆ ಕೊಡುವ ಔಷಧಿಗೆ ಇದೇ ಲಾಭ. ಲಿವರ್ ಡಯೆಟ್ ಆಹಾರ, ಪೂರಕ ಮಾತ್ರೆಗಳಿಗೆ ಎಷ್ಟೋ ಪಾಲಿಸಿಗಳು ಹಣ ಕೊಡುವುದಿಲ್ಲ.

ಇನ್ನು ನಮ್ಮ ಅಡುಗೆಮನೆ. ಊರಿಂದ ಬಂದ ಒಣಮೀನಿನ ಪೊಟ್ಟಣ ಬಿಚ್ಚಿದರೆ ನಾಯಿ ಕಾಲಡಿಗೇ ಬಂದು ಕೂರುತ್ತದೆ. ಒಂದು ತುಂಡು ತಾನೇ ಅನ್ನಬೇಡಿ. ಹೊಟ್ಟೆಯಲ್ಲಿ ನೀರು ತುಂಬಿದ ನಾಯಿಗೆ ಉಪ್ಪು ವೈರಿ. ಲಿವರ್‌ನಲ್ಲಿ ತಾಮ್ರ ಶೇಖರವಾಗುವ ಕಾಯಿಲೆ ಲ್ಯಾಬ್ರಡಾರ್‌ಗಳಲ್ಲಿ ಕಾಣಿಸುವುದುಂಟು. ಅದಿದ್ದರೆ ಕುರಿಯ ಲಿವರ್ ಕೂಡ ಬೇಡ. ಹಾಗಂತ ಸುಮ್ನೆ ಗಂಜಿ ಒಂದೇ ಹಾಕಬೇಡಿ. ಪ್ರೋಟೀನ್ ಪೂರ್ತಿ ನಿಲ್ಲಿಸಿದರೆ ಮಾಂಸಖಂಡ ಕರಗುತ್ತದೆ. ಎಷ್ಟು ಕೊಡಬೇಕೆಂದು ಡಾಕ್ಟರೇ ಹೇಳಲಿ.

ಕಾಮಾಲೆ ಅಂದಕೂಡಲೇ ಅಮ್ಮ ಫೋನಿನಲ್ಲಿ ನೆಲನೆಲ್ಲಿ ಕಷಾಯ ಹೇಳುತ್ತಾರೆ, ಅಲ್ವಾ? ಕೊಡುವ ಮೊದಲು ಡಾಕ್ಟರಿಗೆ ತಿಳಿಸಿ. ಸೂಟ್‌ಕೇಸಿನಲ್ಲಿ ತಂದ ಡೋಲೋ ಮಾತ್ರ ನಿಮ್ಮಷ್ಟಕ್ಕೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಹೆಚ್ಚಾದರೆ ಲಿವರನ್ನೇ ಹಾಳು ಮಾಡುತ್ತದೆ.

ಕಾಯಿಲೆ ಕೈಮೀರಿದರೆ ಇಲ್ಲಿನ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಸಾವು ಕೊಡಿಸುವ ಮಾತನ್ನು ನೇರವಾಗಿ ಎತ್ತುತ್ತಾರೆ. ನಮ್ಮವರಿಗೆ ಅದು ಕಟುಕತನ ಅನ್ನಿಸುತ್ತದೆ. ಅದು ಒತ್ತಾಯವಲ್ಲ, ಒಂದು ದಾರಿ ಅಷ್ಟೇ. ಯೋಚಿಸಲು ಸಮಯ ಕೇಳಿ. ಮನೆಗೇ ಬಂದು ಮಾಡುವ ಡಾಕ್ಟರುಗಳೂ ಇದ್ದಾರೆ.

ರಾತ್ರಿಯ ಏರ್ಪಾಡು ಇವತ್ತೇ ನೋಡಿಕೊಳ್ಳಿ. ನಾಯಿ ಗೋಡೆಗೆ ತಲೆ ಒತ್ತಿ ನಿಂತರೆ, ಗೊತ್ತುಗುರಿಯಿಲ್ಲದೆ ಸುತ್ತು ಹೊಡೆದರೆ ಲಿವರ್ ಸೋಸದೆ ಬಿಟ್ಟ ವಿಷ ಮಿದುಳಿಗೆ ಏರಿರಬಹುದು, ಬೆಳಗಿನವರೆಗೆ ಕಾಯುವಂತಿಲ್ಲ. ನಿಮ್ಮ ಕ್ಲಿನಿಕ್ಕಿಗೇ ಫೋನ್ ಮಾಡಿ. ಅವರು ತೆರೆದಿರುವ ಆಸ್ಪತ್ರೆ ಯಾವುದು ಅಂತ ಹೇಳುತ್ತಾರೆ. ಅದು ಪಕ್ಕದ ಊರಲ್ಲೂ ಇರಬಹುದು, ಶುಲ್ಕವೂ ಜಾಸ್ತಿ. ಕಾರಿಲ್ಲದವರು ನಾಯಿಯನ್ನು ಹತ್ತಿಸಿಕೊಳ್ಳುವ ಟ್ಯಾಕ್ಸಿ ನಂಬರನ್ನೂ ಬರೆದಿಟ್ಟುಕೊಳ್ಳಿ, ಎಲ್ಲರೂ ಹತ್ತಿಸಿಕೊಳ್ಳುವುದಿಲ್ಲ.