ರಿಗ್‌ನಲ್ಲಿ ಬರೀ ಗುಂಯ್ ಸದ್ದಾ? ಮೊದಲು ಆಂಟೆನಾ ಕೇಬಲ್ ಬಿಚ್ಚಿ ನೋಡಿ

ಸಂಜೆ ಹೊತ್ತು ರಿಗ್, ಅಂದರೆ ನಿಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೋ ಸೆಟ್, ಆನ್ ಮಾಡಿ 40 ಮೀಟರ್ ಬ್ಯಾಂಡ್‌ಗೆ ಬರುತ್ತೀರಿ. 7.0ಯಿಂದ 7.2 ಮೆಗಾಹರ್ಟ್ಸ್ ತನಕ ಎಲ್ಲಿ ತಿರುಗಿಸಿದರೂ ಗುಂಯ್ ಅನ್ನುವ ಗದ್ದಲ, ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್ 7ರಿಂದ ಕೆಳಗೆ ಇಳಿಯುವುದೇ ಇಲ್ಲ. ಕಡಿಮೆ ಪವರ್‌ನಲ್ಲಿ ಕರೆಯುತ್ತಿರುವ ಹೊಸ ವಿಯು3 (ವಿಯು3 ಅಂತ ಶುರುವಾಗುವ ಕರೆಗುರುತಿನ) ಹುಡುಗನೊಬ್ಬ ಎಸ್5ರಲ್ಲಿ ಬರುತ್ತಿದ್ದರೆ ಅವನು ಆ ಗದ್ದಲದಡಿ ಮುಳುಗಿಹೋದ ಹಾಗೆಯೇ. ಅದಕ್ಕೇ ಇದನ್ನು ಸುಮ್ನೆ ಬಿಡಬಾರದು.

ಮೊದಲು ರಿಗ್‌ನ ಗುಂಡಿಗಳನ್ನು ನೋಡಿ. ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಆನ್ ಆಗಿದೆಯಾ, 40ರಲ್ಲಿ ಮಾತಿಗೆ ಬಳಸುವ ಎಲ್‌ಎಸ್‌ಬಿ ಮೋಡ್ ಇದೆಯಾ, ಒಳಬರುವ ಸಿಗ್ನಲ್ ಹಿಗ್ಗಿಸುವ ಆರ್‌ಎಫ್ ಗೇನ್ ಪೂರ್ತಿ ಇದೆಯಾ? ಬಹಳ ರಿಗ್‌ಗಳಲ್ಲಿ ಆರ್‌ಎಫ್ ಗೇನ್ ಇಳಿಸಿದರೆ ಮೀಟರ್ ಮುಳ್ಳು ಮೇಲೇರುತ್ತದೆ, ಹೊಸಬರು ಇದನ್ನೇ ಗದ್ದಲ ಅಂದುಕೊಳ್ಳುತ್ತಾರೆ.

ಆಮೇಲೆ ರಿಗ್ ಹಿಂದಿನ ಆಂಟೆನಾ ಕೇಬಲ್ ಬಿಚ್ಚಿ. ಬಿಚ್ಚಿದ್ದಾಗ ಪಿಟಿಟಿ (ಮಾತಾಡಲು ಒತ್ತುವ ಸ್ವಿಚ್) ಒತ್ತಬೇಡಿ. ಸದ್ದು ಪಟ್ಟನೆ ಇಳಿದರೆ ರಿಗ್ ಚೆನ್ನಾಗಿದೆ, ಗದ್ದಲ ಆಂಟೆನಾದಿಂದ ಬರುತ್ತಿದೆ. ಇಳಿಯದಿದ್ದರೆ 12 ವೋಲ್ಟ್ ಬ್ಯಾಟರಿಗೆ ರಿಗ್ ಜೋಡಿಸಿ. ಆಗ ಇಳಿದರೆ ನಿಮ್ಮ ಪವರ್ ಸಪ್ಲೈಯದೇ ತೊಂದರೆ. ಕೇಬಲ್ ಹಾಕಿದರೂ ಬಿಚ್ಚಿದರೂ ಒಂದೇ ಥರ ಸಪ್ಪಗಿದ್ದು ಯಾವ ಸ್ಟೇಷನ್ನೂ ಕೇಳದಿದ್ದರೆ ಕೇಬಲ್ಲೋ ಕನೆಕ್ಟರೋ ಕೈಕೊಟ್ಟಿರಬಹುದು.

ಗದ್ದಲ ಆಂಟೆನಾದಿಂದ ಬರುತ್ತಿದೆ ಅಂತ ಗೊತ್ತಾಯಿತಲ್ವಾ, ಈಗ ಮನೆಯನ್ನೇ ಹುಡುಕಬೇಕು. ಕೇಬಲ್ ಮತ್ತೆ ಹಾಕಿ, ರಿಗ್ ಬ್ಯಾಟರಿಯಲ್ಲಿ ಓಡುತ್ತಿರಲಿ. ಮೇನ್ ಸ್ವಿಚ್ ಆಫ್ ಮಾಡಿ, ಜೊತೆಗೆ ಮನೆಯ ಯುಪಿಎಸ್ ಕೂಡ ಆಫ್ ಮಾಡಿ, ಯಾಕೆಂದರೆ ಕರೆಂಟ್ ಹೋದ ತಕ್ಷಣ ಅದೇ ಶುರುವಾಗಿ ಗದ್ದಲ ಮಾಡುತ್ತದೆ. ಸದ್ದು ಹೋಯಿತಾ? ಹಾಗಾದರೆ ಒಂದೊಂದೇ ಎಂಸಿಬಿ ಮೇಲೆತ್ತುತ್ತಾ ಬನ್ನಿ, ಯಾವ ರೂಮಿನದು ಅಂತ ಸಿಕ್ಕ ಮೇಲೆ ಅಲ್ಲಿನ ಪ್ಲಗ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ನಮ್ಮ ಮನೆಯಲ್ಲಿ ಮೂರು ದಿನ ಹುಡುಕಿದ ಮೇಲೆ ಸಿಕ್ಕಿದ್ದು ದೇವರ ಮನೆಯ ಒಂದು ಅಗ್ಗದ ಎಲ್‌ಇಡಿ ಬಲ್ಬ್. ವೈಫೈ ಅಡಾಪ್ಟರ್, ಮೊಬೈಲ್ ಚಾರ್ಜರ್, ಸೋಲಾರ್ ಕಂಟ್ರೋಲರ್ ಕೂಡ ಇದೇ ಜಾತಿ. ಬದಲಾಯಿಸಲು ಆಗದಿದ್ದರೆ ಅದರ ವೈರನ್ನು ಫೆರೈಟ್ ಅನ್ನುವ ಕಾಂತೀಯ ವಸ್ತುವಿನ ರಿಂಗ್‌ನೊಳಗೆ ಏಳೆಂಟು ಸುತ್ತು ಸುತ್ತಿ, ಬಹಳ ಸಲ ಸದ್ದು ಕಡಿಮೆಯಾಗುತ್ತದೆ.

ಮಳೆಗಾಲದ ನಂತರ ಸಿಗ್ನಲ್ ಕುಗ್ಗಿದರೆ ಕೇಬಲ್‌ಗೆ ನೀರು ಇಳಿದಿರಬಹುದು. ಹೊರಗಿನ ಕನೆಕ್ಟರ್ ಬಿಚ್ಚಿ; ಒಳಗಿನ ತಾಮ್ರದ ಜಾಲರಿ ಕಪ್ಪಗಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, ಟೇಪ್ ಬಿಗಿಯಾಗಿ ಸುತ್ತಿ. ಆದರೆ ಮಧ್ಯಾಹ್ನ 80 ಮೀಟರ್ ಬ್ಯಾಂಡ್‌ನಲ್ಲಿ ದೂರದ ಸ್ಟೇಷನ್ ಕೇಳದಿದ್ದರೆ ಯಾವುದನ್ನೂ ಬಿಚ್ಚಬೇಡಿ. ಹಗಲಲ್ಲಿ ಮೇಲಿನ ವಾತಾವರಣದ ಅಯಾನುಗೋಳದ ಡಿ ಪದರ ಅದನ್ನು ನುಂಗಿಬಿಡುತ್ತದೆ, ರಾತ್ರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಮೇನ್ ಆಫ್ ಮಾಡಿದರೂ ಗದ್ದಲ ಹೋಗದಿದ್ದರೆ ಅದು ಹೊರಗಿನದು. ಎಎಂ ಬ್ಯಾಂಡ್ ಇರುವ ಪುಟ್ಟ ರೇಡಿಯೋ ಹಿಡಿದು, ಸ್ಟೇಷನ್ ಇಲ್ಲದ ಕಡೆ ಮುಳ್ಳು ಇಟ್ಟು ಬೀದಿಯಲ್ಲಿ ನಡೆಯಿರಿ. ಯಾವುದೋ ಕಂಬದ ಹತ್ತಿರ ಚರಚರ ಜಾಸ್ತಿಯಾಗಿ, ಮಳೆ ಬಂದ ದಿನ ಅದೇ ಸದ್ದು ನಿಂತರೆ, ತಂತಿಯ ಸಡಿಲ ಜೋಡಣೆಯಲ್ಲಿ ಕಿಡಿ ಹಾರುತ್ತಿರುವ ಸಾಧ್ಯತೆ ಹೆಚ್ಚು. ಕಂಬ ಮುಟ್ಟಬೇಡಿ, ತಟ್ಟಬೇಡಿ. ಅದರ ನಂಬರ್ ಬರೆದುಕೊಂಡು ಲೈನ್‌ಮನ್‌ಗೆ ತಿಳಿಸಿ.